ಹುತ್ತದ ತಿರುವು

ನಾನು ಮೋಟಾರು ಮೇಸ್ತ್ರಿ. ಈಗ ಕೈ ನಡುಗುತ್ತದೆ, ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟು ಬಹಳ ವರ್ಷವಾಯಿತು. ಶಿವಮೊಗ್ಗದ ವಿನೋಬನಗರದ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅಕ್ಕಪಕ್ಕದ ಹುಡುಗರು ಸ್ಕೂಟರ್ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: "ಅಜ್ಜಾರೇ, ನೀವು ಮೋಟಾರ್ ರೇಸಲ್ಲಿ ಕೂತಿದ್ರಂತೆ, ಹೌದಾ?" ಹೌದು, ಕೂತಿದ್ದೆ, ಒಂದೇ ಒಂದು ಸಲ. ಓಡಿಸಿದವನು ನಾನಲ್ಲ, ಓಡಿಸುವವರ ಪಕ್ಕದಲ್ಲಿ ಕೂತವನು. ಅಷ್ಟು ಹೇಳಿದರೆ ಅವರಿಗೆ ಸಾಕು. ಆ ದಿನ ನಾನು ಎಷ್ಟು ಹೆದರಿದ್ದೆ, ಹೆದರಿ ಏನು ಮಾಡಿದೆ ಎಂಬುದನ್ನು ಹೇಳಿಲ್ಲ. ಅದನ್ನು ಬಲ್ಲವರು ಮೂರೇ ಜನ ಇದ್ದರು, ಇಬ್ಬರು ಹೋದರು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಭದ್ರಾವತಿ ಇನ್ನೆರಡು ಮೈಲಿ ಇರುವಾಗ, ಎಡಗಡೆ ದೊಡ್ಡ ಗೋಮಾಳವಿತ್ತು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ನಾಲ್ಕು ವರ್ಷ ಅಲ್ಲಿ ಮೋಟಾರುಗಳು ಸುತ್ತುತ್ತಿದ್ದವು. ಈಗಿನವರು ನಂಬುವುದಿಲ್ಲ. ಆಗ ಶಿವಮೊಗ್ಗದಲ್ಲಿ ಇದ್ದ ಕಾರುಗಳನ್ನು ನಾವು ರಿಪೇರಿ ಷೆಡ್ಡಿನವರು ಸದ್ದಿನ ಮೇಲೆ ಗುರುತಿಸುತ್ತಿದ್ದೆವು, ಅಷ್ಟು ಕಡಿಮೆ. ಅಂಥ ಕಾಲದಲ್ಲಿ ರೇಸು ಎಂಬ ಹುಚ್ಚನ್ನು ತಂದು ಹಚ್ಚಿದವರು ಒಬ್ಬ ಬಿಳಿಯ ದೊರೆ. ಅಕ್ಕಿ ಗಿರಣಿಗಳಿಗೆ ಆಯಿಲ್ ಎಂಜಿನ್ ಕೂಡಿಸುವುದು ಅವರ ಕೆಲಸ. ಯಾವ ದೇಶದವರೋ ನಮಗೆ ಸರಿಯಾಗಿ ತಿಳಿಯಲಿಲ್ಲ. ಇಲ್ಲಿಗೆ ಬರುವ ಮುಂಚೆ ಹತ್ತು ವರ್ಷ ಅರ್ಜೆಂಟೀನಾದಲ್ಲಿ ಇದೇ ಕೆಲಸ ಮಾಡಿದ್ದರಂತೆ. ಬಜಾರಿನವರ ಬಾಯಲ್ಲಿ ಅದು 'ಅರ್ಜೆಂಟು ದೇಶ' ಆಯಿತು. ಎಲ್ಲದಕ್ಕೂ ಅವಸರ ಮಾಡುವ ದೊರೆ, ಆ ದೇಶದಿಂದ ಬಂದವರು ಹಾಗೇ ಇರುತ್ತಾರೆ ಎಂದು ಜನ ಅಂದುಕೊಂಡರು.

ದೊರೆ ತಮ್ಮ ಗಾಡಿ ರಿಪೇರಿಗೆ ನಮ್ಮ ಷೆಡ್ಡಿಗೆ ಬಂದಾಗ ಜೇಬಿನಿಂದ ಒಂದು ಫೋಟೋ ತೆಗೆದು ತೋರಿಸುತ್ತಿದ್ದರು. ಆ ದೇಶದ, ಗೋಧಿ ಬೆಳೆಯುವ ಬಯಲಿನ ಒಂದು ಸಣ್ಣ ಊರು. ಊರಾಚೆ ಮಣ್ಣಿನ ದೊಡ್ಡ ಸುತ್ತು, ಬದಿಗೆ ತಂತಿ ಬೇಲಿ, ಬೇಲಿಗೆ ಮೈ ಒತ್ತಿಕೊಂಡು ನಿಂತ ಜನ, ಕುದುರೆ ಗಾಡಿಗಳ ಮೇಲೆ ಹತ್ತಿ ನಿಂತ ಹೆಂಗಸರು ಮಕ್ಕಳು. ನಡುವೆ ಮಡ್‌ಗಾರ್ಡು, ಬಾಗಿಲು ಎಲ್ಲ ಕಿತ್ತು ಬರೀ ಎಲುಬಿನ ಗೂಡಾದ ಎರಡು ಕಾರು, ಹಿಂದೆ ಧೂಳಿನ ಗೋಡೆ. ಕನ್ನಡ ಅರ್ಧ, ಇಂಗ್ಲಿಷ್ ಅರ್ಧ ಬೆರೆಸಿ ದೊರೆ ಅದರ ಕಥೆ ಹೇಳುತ್ತಿದ್ದರು. ಮೊದಲು ಅದು ಕುದುರೆ ಓಡಿಸುವ ಜಾಗವಂತೆ. ಆಮೇಲೆ ಊರಿನ ರೊಟ್ಟಿ ಅಂಗಡಿಯವನು, ಕಮ್ಮಾರ, ಗೋಧಿ ರೈತರು ಸೇರಿಕೊಂಡು ಮೋಟಾರು ಓಡಿಸಲು ಶುರುಮಾಡಿದರಂತೆ. ಅಲ್ಲಿ ಒಂದೊಂದು ಪೇಟೆಗೂ ಅಂಥ ಒಂದು ಮಣ್ಣಿನ ಸುತ್ತು ಇದೆಯಂತೆ. ಗೆದ್ದವನ ಹೆಸರನ್ನು ಊರು ಮರೆಯುವುದಿಲ್ಲ, ಸತ್ತವನ ಹೆಸರನ್ನೂ ಮರೆಯುವುದಿಲ್ಲ ಎಂದು ಅವರು ನಗುತ್ತಲೇ ಹೇಳಿದ್ದು ನನಗೆ ನೆನಪಿದೆ. ಫೋಟೋದಲ್ಲಿ ಓಡಿಸುವವನ ಪಕ್ಕ ಇನ್ನೊಬ್ಬ ಕೂತಿದ್ದ. ಅವನ ಅರ್ಧ ಮೈ ಗಾಡಿಯಿಂದ ಆಚೆ ಇತ್ತು.

"ಇವನ್ಯಾಕೆ ಹೀಗೆ ಬೀಳೋ ಹಾಗೆ ಕೂತಿದಾನೆ?" ಎಂದು ನಮ್ಮ ಉಸ್ತಾದ್ ಕೇಳಿದರು. ಷೆಡ್ಡಿನ ಹಿರಿಯ ಮೇಸ್ತ್ರಿ ಅವರು. ನನಗೆ ಕೆಲಸ ಕಲಿಸಿದವರು.

"ಮೆಕ್ಯಾನಿಕ್" ಎಂದರು ದೊರೆ. ತಿರುವಿನಲ್ಲಿ ಗಾಡಿ ಮಗುಚದ ಹಾಗೆ ಒಳಮಗ್ಗುಲಿಗೆ ಭಾರ ಹಾಕುವುದು, ಹಿಂದೆ ಯಾರು ಬಂದರು ನೋಡುವುದು, ಎಣ್ಣೆ ಪಂಪು ಒತ್ತುವುದು ಅವನ ಕೆಲಸ.

ಗೋಮಾಳದಲ್ಲಿ ಸುತ್ತು ಹಾಕಲು ದೊರೆಗೆ ಒಂದು ಬೇಸಿಗೆ ಸಾಕಾಯಿತು. ಎತ್ತಿನ ಕೈಲಿ ನೆಲ ಮಟ್ಟಮಾಡುವ ಹಲುಬೆ ಎಳೆಸಿ, ಕಲ್ಲು ಆರಿಸಿ, ನೀರು ಚಿಮುಕಿಸಿ ಉರುಳುಗಲ್ಲು ಹೊಡೆಸಿದರು. ರಸ್ತೆಯ ಕಡೆ ನೆಟ್ಟಗೆ ಒಂದು ಓಟ, ಹುಣಸೆಮರದ ಹತ್ತಿರ ತಿರುವು, ಆಮೇಲೆ ಸಣ್ಣ ಹಳ್ಳಕ್ಕೆ ಇಳಿದು ಹತ್ತಬೇಕು. ಅಲ್ಲಿಂದ ವಾಪಸ್ಸು ಬರುವಲ್ಲಿ ಆಳೆತ್ತರದ ಹುತ್ತವಿತ್ತು. ದೊರೆ ಅದನ್ನು ಅಗೆಸಿ ನೇರಮಾಡಲು ಹೇಳಿದರೆ ಒಬ್ಬ ಕೂಲಿಯವನೂ ಹಾರೆ ಎತ್ತಲಿಲ್ಲ. ಅಕ್ಕಪಕ್ಕದ ಹಳ್ಳಿಯ ಹೆಂಗಸರು ಅದಕ್ಕೆ ಹಾಲೆರೆಯುತ್ತಿದ್ದರು. ಕೊನೆಗೆ ದಾರಿಯೇ ಹುತ್ತವನ್ನು ಬಳಸಿಕೊಂಡು ಹೋಯಿತು. ಹೀಗೆ ಆ ಸುತ್ತಿನಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಹುತ್ತದ ತಿರುವಾಯಿತು.

ಮೊದಲ ವರ್ಷ ಆರು ಗಾಡಿ ಓಡಿದವು. ಘಟ್ಟದ ಕಾಫಿ ತೋಟದವರು ಇಬ್ಬರು, ಒಬ್ಬ ವಕೀಲರು, ಬಸ್ ಮಾಲೀಕರು, ಹೀಗೆ. ಶಿವಮೊಗ್ಗದಿಂದ, ಭದ್ರಾವತಿಯಿಂದ ಜನ ಬುತ್ತಿ ಕಟ್ಟಿಕೊಂಡು ಗಾಡಿಗಟ್ಟಲೆ ಬಂದರು. ಒಂದು ಕಾರು ಹಳ್ಳದಲ್ಲಿ ಕೂತುಬಿಟ್ಟಿತು, ಎತ್ತು ಕಟ್ಟಿ ಎಳೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಎರಡನೆಯ ವರ್ಷ ನಗಲಿಲ್ಲ. ಕಾಫಿ ತೋಟದವರ ಗಾಡಿಯಲ್ಲಿ ಮೆಕ್ಯಾನಿಕ್ ಆಗಿ ಬಂದವನು ತಮಿಳಿನವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಬೆಳಿಗ್ಗೆ ನನ್ನ ಹತ್ತಿರ ಸ್ಪ್ಯಾನರ್ ಇಸಿದುಕೊಂಡು, "ತಂಬಿ, ಸಾಯಂಕಾಲ ಕೊಡ್ತೀನಿ" ಎಂದು ಹೋಗಿದ್ದ. ಹುತ್ತದ ತಿರುವಿನಲ್ಲಿ ಗಾಡಿ ಹೊರಕ್ಕೆ ಜಾರಿ ಒಂದು ಪಕ್ಕ ಎದ್ದಿತು. ಅವನು ಮೂಟೆ ಎಸೆದ ಹಾಗೆ ಆಚೆ ಬಿದ್ದ. ಗಾಡಿ ಮತ್ತೆ ನಾಲ್ಕು ಗಾಲಿಯ ಮೇಲೆ ನಿಂತು, ಒಬ್ಬನೇ ಇದ್ದೇನೆಂದು ತಿಳಿಯದ ತೋಟದ ಮಾಲೀಕನನ್ನು ಹೊತ್ತುಕೊಂಡು ಮುಂದೆ ಹೋಯಿತು. ಉಸ್ತಾದ್ ಮತ್ತು ನಾನು ಓಡಿಹೋಗಿ ಎತ್ತಿದೆವು. ಅವನ ಕಣ್ಣು ತೆರೆದೇ ಇತ್ತು. ನಮ್ಮ ಸ್ಪ್ಯಾನರ್ ಅವನ ಸೊಂಟದ ಪಟ್ಟಿಯಲ್ಲಿ ಇತ್ತು. ಆಸ್ಪತ್ರೆಗೆ ಸಾಗಿಸುವುದರೊಳಗೆ ಅವನು ಹೋಗಿಬಿಟ್ಟ.

ಹುತ್ತ ಮುನಿದುಕೊಂಡಿದೆ ಎಂದು ಹೆಂಗಸರು ಅಂದರು, ಪೂಜೆಯಾಯಿತು. ದೊರೆ ತಿರುವಿಗೆ ಸುಣ್ಣ ಬಳಿದ ಕಲ್ಲು ಇಡಿಸಿ, ಜನ ನಿಲ್ಲುವ ಹಗ್ಗವನ್ನು ಹತ್ತು ಮಾರು ಹಿಂದಕ್ಕೆ ಕಟ್ಟಿಸಿದರು. ರೇಸು ಮಾತ್ರ ನಿಲ್ಲಲಿಲ್ಲ. ಆ ವರ್ಷ ಗೆದ್ದವರು ಶಿವಮೊಗ್ಗದ ಒಬ್ಬ ಬಸ್ ಮಾಲೀಕರು. ನಮ್ಮ ಸಾವ್ಕಾರ್ರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ನಮ್ಮ ಸಾವ್ಕಾರ್ರದು ಅಡಿಕೆ ಮಂಡಿ. ಜೊತೆಗೆ ಭದ್ರಾವತಿ ಮಾರ್ಗದಲ್ಲಿ ಎರಡು ಬಸ್ಸು, ಷೆಡ್ಡೂ ಅವರದೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಇಟ್ಟುಕೊಂಡು ಮಂಡಿಗೆ ಬಂದರೆ, ತೂಕ ಹಿಡಿಯುವವರೂ ಗದ್ದಲ ನಿಲ್ಲಿಸುತ್ತಿದ್ದರು. ಅಂಥವರು ಸ್ಟೇರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಬಸ್ಸಿನ ಡ್ರೈವರನ್ನು ಇಳಿಸಿ ತಾವೇ ಓಡಿಸಿಕೊಂಡು ಹೋದದ್ದೂ ಉಂಟು. ಅವರಿಗೆ ಭಯವೆಂಬುದು ಗೊತ್ತಿರಲಿಲ್ಲ. ಮೂರನೆಯ ವರ್ಷಕ್ಕೆಂದೇ ಮದರಾಸಿನ ಕಡೆಯಿಂದ ಹಳೆಯದೊಂದು ಅಮೆರಿಕದ ಕಾರು ತರಿಸಿ, ಅದರ ಬಾಗಿಲು, ಮಡ್‌ಗಾರ್ಡು, ಮುಂದಿನ ಗಾಜು ಕೀಳಿಸಿದರು. ಹಿಂದಿನ ಸೀಟು ಮಾತ್ರ ಹಾಗೇ ಇತ್ತು.

ಪಕ್ಕದಲ್ಲಿ ಉಸ್ತಾದ್ ಕೂರಬೇಕೆಂದು ಎಲ್ಲರೂ ತಿಳಿದಿದ್ದೆವು. ಅವರು ಕೈ ಒರೆಸಿಕೊಳ್ಳುತ್ತ ಶಾಂತವಾಗಿ, "ಮಾಫ್ ಮಾಡಿ ಸಾವ್ಕಾರ್. ಹೋದ ವರ್ಷ ಆ ಮನುಷ್ಯನ್ನ ಎತ್ತಿದ್ದು ಈ ಕೈನೇ. ನನ್ನಿಂದ ಆಗಲ್ಲ" ಎಂದರು. ಸಾವ್ಕಾರ್ರು ಬೇಸರ ಮಾಡಿಕೊಳ್ಳಲಿಲ್ಲ. ತಿರುಗಿ ನನ್ನ ಕಡೆ ನೋಡಿದರು.

"ನೀನು ಕೂರ್ತೀಯೇನಯ್ಯ?"

ಎತ್ತಿದ್ದು ನನ್ನ ಕೈಯೂ ಹೌದು ಎಂದು ಹೇಳಬಹುದಿತ್ತು. ನನಗಾಗ ಇಪ್ಪತ್ತಮೂರು. ಊರಲ್ಲಿ ನೇಗಿಲು ಹಿಡಿ ಎಂದ ಅಪ್ಪನ ಮಾತು ಮೀರಿ ಬಂದವನು. ಈ ಷೆಡ್ಡು ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ ಅನ್ನಿಸಿತ್ತು. "ಕೂರ್ತೀನಿ ಸಾವ್ಕಾರ್ರೇ" ಎಂದೆ. ಹಾಗೆ ಅಂದದ್ದು ನನ್ನ ಬಾಯಿ ಮಾತ್ರ.

ಬೆಳಗಿನ ಹೊತ್ತು ಗೋಮಾಳಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದೆವು. ಬಾಗಿಲಿಲ್ಲದ ಕಡೆ ಒಂದು ಹಗ್ಗ ಕಟ್ಟಿದ್ದೆವು, ನಾನು ಹಿಡಿದುಕೊಳ್ಳಲು. ನೆಲ ಅಷ್ಟು ಹತ್ತಿರದಲ್ಲಿ ಅಷ್ಟು ಬೇಗ ಓಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹುತ್ತದ ತಿರುವು ಬಂದಾಗ ಒಳಮಗ್ಗುಲಿಗೆ ಮೈ ಚಾಚಬೇಕು. ಆಗ ಹುತ್ತದ ಬಾಯಿಗಳು, ಹೆಂಗಸರು ಹಚ್ಚಿದ ಅರಿಸಿನ ಕುಂಕುಮ ಎಲ್ಲ ಮುಖಕ್ಕೆ ತಾಗುವಷ್ಟು ಸಮೀಪ ಬಂದು ಹೋಗುತ್ತಿತ್ತು. ಪ್ರತಿ ಸಲ ನನಗೆ ಆ ತಮಿಳಿನವನ ತೆರೆದ ಕಣ್ಣು ನೆನಪಾಗುತ್ತಿತ್ತು. ಷೆಡ್ಡಿಗೆ ಬಂದ ಮೇಲೆ ಅನ್ನ ಸೇರುತ್ತಿರಲಿಲ್ಲ. ಸಾವ್ಕಾರ್ರು ಬೆನ್ನು ತಟ್ಟಿ, "ಎರಡು ದಿನ, ಆಮೇಲೆ ರೂಢಿ ಆಗುತ್ತೆ ಮಾರಾಯ" ಎನ್ನುತ್ತಿದ್ದರು. ರೂಢಿ ಆಗಲಿಲ್ಲ.

ರೇಸಿಗೆ ಎರಡು ದಿನ ಇರುವಾಗ ಉಸ್ತಾದ್ ಮುಂದಿನ ಗಾಲಿಗಳ ಕೆಲಸವನ್ನೆಲ್ಲ ಒಮ್ಮೆ ನೋಡಿಬಿಡು ಎಂದರು. ಕಬ್ಬಿಣದಲ್ಲಿ ಬಿರುಕಿದೆಯೇ ಎಂದು ನೋಡಲು ನಮ್ಮದು ಸುಲಭದ ಉಪಾಯ. ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿಯುವುದು. ಬಿರುಕಿನೊಳಗೆ ಇಳಿದ ಎಣ್ಣೆ ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಸ್ಟೇರಿಂಗ್ ಆರ್ಮ್‌ಗೂ ಹಾಗೇ ಬಳಿದು ಊಟಕ್ಕೆ ಹೋದೆ. ಗಾಲಿಗಳನ್ನು ಎಡಕ್ಕೂ ಬಲಕ್ಕೂ ಎಳೆಯುವ ಗೇಣುದ್ದದ ಕಬ್ಬಿಣ ಅದು. ಅದು ಹೋದರೆ ಕೈಯಲ್ಲಿರುವ ಚಕ್ರ ಎಷ್ಟು ತಿರುಗಿಸಿದರೂ ಬರೀ ಆಟದ ಚಕ್ರ. ಬಂದು ನೋಡಿದರೆ ಬಿಳಿಯ ಮೇಲೆ ಕೂದಲಿನಂಥ ಕಪ್ಪು ಗೆರೆ, ಅರ್ಧ ಸುತ್ತು ಬಂದಿತ್ತು.

ಒರೆಸಿ ಮತ್ತೆ ಬಳಿದೆ. ಗೆರೆ ಮತ್ತೆ ಬಂತು.

ಉಸ್ತಾದ್ ಬೆರಳಾಡಿಸಿ ನೋಡಿ ಸಾವ್ಕಾರ್ರನ್ನು ಕರೆಸಿದರು. ಸಾವ್ಕಾರ್ರು ಪಂಚೆ ಎತ್ತಿಕಟ್ಟಿ ಗಾಡಿಯಡಿ ಬಗ್ಗಿದರು.

"ಇದು ಬಿರುಕಾ? ಎರಕದಲ್ಲೇ ಹಾಗೆ ಬಂದಿರಬಹುದು."

"ಬಿರುಕೇ ಸಾವ್ಕಾರ್" ಎಂದರು ಉಸ್ತಾದ್. "ಬೆಂಗಳೂರಿಂದ ಹೊಸದು ತರಿಸ್ಬೇಕು."

"ಎಷ್ಟು ದಿನ?"

"ಒಂದು ವಾರ."

ಸಾವ್ಕಾರ್ರು ಎದ್ದು ಕೈ ಕೊಡವಿಕೊಂಡರು. ಮದರಾಸಿನಿಂದ ಇಲ್ಲಿಯವರೆಗೆ ಅದೇ ಕಬ್ಬಿಣದ ಮೇಲೆ ಬಂದಿದೆಯಲ್ಲ ಎಂದರು. ಹತ್ತು ಸುತ್ತು ತಡೆಯದೇ ಇರುತ್ತದೆಯೇ ಎಂದರು. ಹೋದ ವರ್ಷ ಗೆದ್ದವರು ತಮ್ಮ ಬಸ್ಸಿನ ಮೇಲೆ 'ರೇಸಿನಲ್ಲಿ ಗೆದ್ದವರು' ಎಂದು ಬರೆಸಿದ್ದ ಅಕ್ಷರಗಳನ್ನು ನೆನೆಸಿಕೊಂಡು ಅವರ ಮುಖ ಬಿಗಿಯಿತು. "ಮೇಲೊಂದು ಪಟ್ಟಿ ಹಾಕ್ಸಿ" ಎಂದು ಹೇಳಿ ಹೊರಟುಹೋದರು.

ಕಮ್ಮಾರನ ಕೈಲಿ ಉಕ್ಕಿನ ಪಟ್ಟಿ ಕಾಯಿಸಿ ಬಿರುಕಿನ ಮೇಲೆ ಬಿಗಿಸಿದೆವು. ಗೆರೆ ಮುಚ್ಚಿತು. ಕಾಣದೆ ಹೋದ ಮೇಲೆ ನನಗೆ ಹೆದರಿಕೆ ಹೆಚ್ಚಾಯಿತು, ಪಟ್ಟಿಯ ಕೆಳಗೆ ಅದು ಎಷ್ಟು ಬೆಳೆಯುತ್ತಿದೆಯೋ ಯಾರು ಬಲ್ಲರು? ಷೆಡ್ಡಿನಲ್ಲಿ ಇಬ್ಬರೇ ಇದ್ದಾಗ ಉಸ್ತಾದ್ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಬೇಟಾ, ಪೆಟ್ರೋಲು ಬಿಡೋ ನಲ್ಲಿ ಎಲ್ಲಿದೆ ಹೇಳು."

"ನನ್ನ ಮೊಣಕಾಲ ಹತ್ರ, ಡ್ಯಾಷ್ ಕೆಳಗೆ."

"ಮುಚ್ಚಿದ್ರೆ ಗಾಡಿ ತಕ್ಷಣ ನಿಲ್ಲಲ್ಲ. ಕಾರ್ಬೊರೇಟರಲ್ಲಿ ಇರೋದು ಮುಗೀಬೇಕು. ಅದು ತಲೇಲಿಟ್ಕೋ." ಅಷ್ಟೇ ಹೇಳಿ ಎದ್ದು ಹೋದರು. ಹಾಗೆ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ರೇಸಿನ ದಿನ ಬಿಸಿಲು ಕಾದಿತ್ತು. ನನ್ನ ಅಕ್ಕ ಭದ್ರಾವತಿಯಲ್ಲಿ ಇದ್ದಳು, ಭಾವನಿಗೆ ಅಲ್ಲಿ ಕಾರ್ಖಾನೆಯಲ್ಲಿ ಕೆಲಸ. ಅವಳು ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಒಂದು ಮಗು, ಇನ್ನೊಂದು ಕೈಯಲ್ಲಿ ಹಾಲಿನ ತಂಬಿಗೆ ಹಿಡಿದು ಗಾಡಿಗಳ ಹತ್ತಿರವೇ ಬಂದುಬಿಟ್ಟಳು.

"ಏನೋ ಇದು, ಮುಖ ಹಿಂಗೆ ಬಿಳಿಚ್ಕೊಂಡಿದೆ? ತಿಂಡಿ ತಿಂದ್ಯಾ?"

"ತಿಂದೆ. ನೀನು ಎಲ್ಲಿ ನಿಲ್ತೀಯಾ ಅಕ್ಕ?"

"ಹುತ್ತದ ಹತ್ರ. ಹಾಲು ಎರೆದು ಅಲ್ಲೇ ನಿಲ್ತೀವಿ ನಾವೆಲ್ಲ. ನಿನ್ನ ಗಾಡಿ ಬಂದ್ರೆ ಕೈ ಬೀಸ್ತೀನಿ, ನೋಡು."

"ಬೇಡ. ಅಲ್ಲಿ ನಿಲ್ಬೇಡ. ಹುಣಸೆಮರದ ಹತ್ರ ನೆರಳಿದೆ, ಅಲ್ಲಿಗೆ ಹೋಗು."

"ಯಾಕೋ?"

"ಧೂಳು ಬರುತ್ತೆ."

"ಧೂಳು ಎಲ್ಲಿ ಬರಲ್ಲ? ಹೋಗೋ ನೀನು" ಎಂದು ನಕ್ಕು, ತಂಬಿಗೆ ತುಳುಕದ ಹಾಗೆ ಜನರ ನಡುವೆ ನಡೆದುಬಿಟ್ಟಳು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಸಾವ್ಕಾರ್ರು ಎರಡು ಮಾರು ದೂರದಲ್ಲಿ ವಿಭೂತಿಯ ಮೇಲೆ ಧೂಳಿನ ಕನ್ನಡಕ ಏರಿಸಿಕೊಂಡು ಕೈಗವಸು ತೊಡುತ್ತಿದ್ದರು.

ದೊರೆ ಬಾವುಟ ಇಳಿಸಿದರು. ಮೊದಲ ಸುತ್ತುಗಳಲ್ಲಿ ನನಗೆ ಧೂಳು ಬಿಟ್ಟು ಏನೂ ಕಾಣಲಿಲ್ಲ. ಎಣ್ಣೆ ಪಂಪು ಒತ್ತಿದೆ, ಹಗ್ಗ ಹಿಡಿದೆ, ತಿರುವಿನಲ್ಲಿ ಚಾಚಿದೆ. ಒಂದೊಂದು ಸಲ ಹಳ್ಳಕ್ಕೆ ಇಳಿದಾಗಲೂ ಮುಂದಿನ ಗಾಲಿಗಳು ಧಡ್ ಎಂದು ಬೀಳುತ್ತಿದ್ದವು. ನನ್ನ ಗಮನವೆಲ್ಲ ಆ ಪಟ್ಟಿಯ ಕೆಳಗೇ ಇತ್ತು. ನಾಲ್ಕನೆಯ ಸುತ್ತಿಗೆ ಇಬ್ಬರು ನಿಂತುಹೋಗಿದ್ದರು. ಆರನೆಯದಕ್ಕೆ ನಾವು ಎರಡನೆಯವರು. ಏಳನೆಯದರಲ್ಲಿ, ಹುಣಸೆಮರದ ಹತ್ತಿರ, ಸಾವ್ಕಾರ್ರು ತಮ್ಮ ವೈರಿಯ ಗಾಡಿಯನ್ನು ಒಳಗಡೆಯಿಂದ ದಾಟಿಬಿಟ್ಟರು. ಜನ ಕೂಗಿದ್ದು ಎಂಜಿನ್ನಿನ ಸದ್ದಿನ ಮೇಲೂ ಕೇಳಿಸಿತು. ಸಾವ್ಕಾರ್ರು ಹಲ್ಲು ಬಿಟ್ಟು ನಗುತ್ತಿದ್ದರು. ಅವರ ಹಲ್ಲಿನ ಮೇಲೆಲ್ಲ ಕೆಂಪು ಮಣ್ಣು.

ಎಂಟನೆಯ ಸುತ್ತಿನಲ್ಲಿ ಹಳ್ಳ ಹತ್ತಿ ಬರುವಾಗ ನನಗೆ ಕೆಳಗಿನಿಂದ ಟಿಕ್ ಎಂದು ಕೇಳಿಸಿತು. ಕೇಳಿಸಿತೋ, ಕೇಳಿಸಿದ ಹಾಗಾಯಿತೋ, ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ಕಲ್ಲು ಸಿಡಿದು ತಳಕ್ಕೆ ಬಡಿದರೂ ಅಂಥದೇ ಸದ್ದು. ಸಾವ್ಕಾರ್ರ ಕೈಯಲ್ಲಿ ಚಕ್ರ ಅದುರುತ್ತಿತ್ತು. ಮೊದಲೂ ಅದುರುತ್ತಿತ್ತೇ? ಎದುರಿಗೆ ಹುತ್ತ ಕಾಣಿಸಿತು. ಅದರ ಸುತ್ತ ಸೀರೆಗಳು, ಹಸಿರು, ಹಳದಿ, ಕೆಂಪು. ಹಗ್ಗ ಎಲ್ಲಿತ್ತೋ, ಜನ ಅದನ್ನು ದಾಟಿ ಸುಣ್ಣದ ಕಲ್ಲಿನವರೆಗೆ ಬಂದಿದ್ದರು. ಯಾರದೋ ಕೈ ಮೇಲೆದ್ದು ಬೀಸುತ್ತಿತ್ತು.

ನನ್ನ ಕೈ ಡ್ಯಾಷಿನ ಕೆಳಗೆ ಹೋಗಿ ನಲ್ಲಿ ಮುಚ್ಚಿತು.

ಗಾಡಿ ಓಡುತ್ತಲೇ ಇತ್ತು. ಉಸ್ತಾದ್ ಹೇಳಿದ್ದು ಗೊತ್ತಿದ್ದರೂ, ಮುಚ್ಚಿದ್ದು ತಡವಾಯಿತು, ಇನ್ನು ತಿರುವಿನ ನಡುವೆಯೇ ನಿಲ್ಲುತ್ತದೆ, ಅಥವಾ ನಿಲ್ಲುವುದೇ ಇಲ್ಲ ಎಂದುಕೊಂಡೆ. ಕಣ್ಣು ಮುಚ್ಚಿ, ನನ್ನ ಕುಲದೇವರನ್ನು ಕೂಗಿದೆನೋ ಅಕ್ಕನನ್ನು ಕೂಗಿದೆನೋ ತಿಳಿಯದು. ಆಗ ಎಂಜಿನ್ನು ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ಸತ್ತಿತು. ಗಾಡಿ ಉಸಿರಿಲ್ಲದೆ ಉರುಳಿ ಉರುಳಿ ಹುತ್ತಕ್ಕೆ ಇಪ್ಪತ್ತು ಮಾರು ಇರುವಾಗ ದಾರಿಯ ಅಂಚಿನಲ್ಲಿ ನಿಂತಿತು. ಹಿಂದಿನವರು ಒಬ್ಬೊಬ್ಬರಾಗಿ ನಮ್ಮ ಮೇಲೆ ಮಣ್ಣು ಚೆಲ್ಲಿ ಮುಂದೆ ಹೋದರು.

"ಪೆಟ್ರೋಲು! ಪೆಟ್ರೋಲು ನೋಡೋ!" ಎಂದು ಸಾವ್ಕಾರ್ರು ಅಬ್ಬರಿಸಿದರು.

ನಾನು ಬಾನೆಟ್ ಎತ್ತಿ ಪೈಪು ಬಿಚ್ಚಿದೆ. ಊದಿದೆ. ಮತ್ತೆ ಊದಿದೆ. "ಕಸ ಕಟ್ಕೊಂಡಿದೆ ಸಾವ್ಕಾರ್ರೇ" ಎಂದೆ. ನಟ್ಟನ್ನು ಎರಡು ಸಲ ಮಣ್ಣಿಗೆ ಬೀಳಿಸಿ, ಹುಡುಕಿ ಕೂಡಿಸಲು ಬಹಳ ಹೊತ್ತು ಹಿಡಿಯಿತು. ಅವರಿಗೆ ಕಾಣದ ಹಾಗೆ ನಲ್ಲಿ ತೆರೆದಿಡುವಷ್ಟರಲ್ಲಿ ರೇಸು ಮುಗಿದಿತ್ತು. ಗೆದ್ದದ್ದು ಮತ್ತೆ ಅದೇ ಬಸ್ ಮಾಲೀಕರು.

ಸಾವ್ಕಾರ್ರು ಬೈಯಲಿಲ್ಲ. ಗಾಡಿ ತಳ್ಳಿಸಿಕೊಂಡು ಹುಣಸೆಮರದಡಿ ತಂದು, ಮುಖ ತೊಳೆದು, ಸುಮ್ಮನೆ ಕೂತರು. ಜನ ಚದುರಿದ ಮೇಲೆ ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಬಂದರು. "ನಡೀರಿ, ಇದರಲ್ಲೇ ಊರಿಗೆ ಹೋಗೋಣ. ಒಳ್ಳೆ ಗಾಳಿ ಬರುತ್ತೆ" ಎಂದು ಸಾವ್ಕಾರ್ರು ಎದ್ದರು. ಮಕ್ಕಳು ಕುಣಿಯುತ್ತ ಹಿಂದಿನ ಸೀಟು ಹತ್ತಿ ಕೂತವು.

ನಾನು ಉಸ್ತಾದರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆಗ ನನಗೆ ಎರಡು ಹೆದರಿಕೆಗಳ ನಡುವೆ ಸಿಕ್ಕ ಹಾಗಾಯಿತು. ಯಾವುದು ದೊಡ್ಡದು ಎಂದು ಯೋಚಿಸುವ ಮೊದಲೇ ಸಾವ್ಕಾರ್ರನ್ನು, ಮನೆಯವರಿಗೆ ಕೇಳಿಸದಷ್ಟು ಆಚೆಗೆ ಕರೆದಿದ್ದೆ.

"ಅಮ್ಮೋರನ್ನ, ಮಕ್ಕಳನ್ನ ಕೂರಿಸಬೇಡಿ ಸಾವ್ಕಾರ್ರೇ."

"ಯಾಕೆ?"

"ಕಸ ಕಟ್ಟಿರ್ಲಿಲ್ಲ. ನಲ್ಲಿ ನಾನೇ ಮುಚ್ಚಿದ್ದು."

ಅವರು ಗಾಡಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಎಲ್ಲಿ?"

"ಹಳ್ಳ ಹತ್ತಿದ ಮೇಲೆ. ಆರ್ಮಲ್ಲಿ ಸದ್ದು ಬಂದ ಹಾಗಾಯ್ತು. ಹುತ್ತದ ಹತ್ರ ಜನ ಇದ್ರು. ನಮ್ಮಕ್ಕ ಇದ್ಲು. ನಂಗೆ ಭಯ ಆಯ್ತು."

"ಭಯ ಆಯ್ತು" ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಹೊಡೆಯುತ್ತಾರೆ ಎಂದುಕೊಂಡೆ. ಮಕ್ಕಳನ್ನು ಇಳಿಸಿ, ಹೆಂಡತಿಯ ಜೊತೆ ನಮ್ಮ ಬಸ್ಸಿಗೆ ಕಳಿಸಿದರು. ಆಮೇಲೆ ಉಸ್ತಾದರ ಕಡೆ ತಿರುಗಿ, "ಆ ಆರ್ಮ್ ಬಿಚ್ಚಿ" ಎಂದರು.

ಉಸ್ತಾದ್ ಆರ್ಮು ಬಿಚ್ಚಿ, ಪಟ್ಟಿ ಕಳಚಿ, ಒಂದು ಕಲ್ಲಿನ ಮೇಲೆ ಇಟ್ಟರು. ಸಾವ್ಕಾರ್ರು ತಾವೇ ಸುತ್ತಿಗೆ ತೆಗೆದುಕೊಂಡು ಹೊಡೆದರು. ಮುರಿಯಲಿಲ್ಲ. ಇನ್ನೊಂದು ಏಟು. ಮುರಿಯಲಿಲ್ಲ. ಮೂರನೆಯ ಏಟಿಗೆ ಆರ್ಮು ಹಾರಿ ಪಕ್ಕಕ್ಕೆ ಬಿತ್ತು, ಗಟ್ಟಿಯಾಗಿಯೇ ಇತ್ತು. ನಾನು ಬರೀ ಹೇಡಿ, ಅವರ ಗೆಲುವನ್ನು ಕಳೆದವನು, ಅಷ್ಟೇ ಎಂದು ಆ ಕ್ಷಣ ಅನ್ನಿಸಿತು. ಸಾವ್ಕಾರ್ರು ಅದನ್ನು ಮತ್ತೆ ಕಲ್ಲಿನ ಮೇಲಿಟ್ಟು ನಾಲ್ಕನೆಯ ಏಟು ಹಾಕಿದರು. ಆರ್ಮು ಎರಡು ತುಂಡಾಯಿತು.

ಉಸ್ತಾದ್ ತುಂಡನ್ನು ಎತ್ತಿ ತೋರಿಸಿದರು. ಮುರಿದ ಬಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿತ್ತು. ಅದು ಹಳೆಯ ಬಿರುಕು. ಉಳಿದದ್ದು ಮಾತ್ರ ಸಕ್ಕರೆ ಒಡೆದ ಹಾಗೆ ಹೊಳೆಯುತ್ತಿತ್ತು.

"ನೋಡಿ ಸಾವ್ಕಾರ್, ಇಷ್ಟೇ ಹಿಡ್ಕೊಂಡಿತ್ತು" ಎಂದರು.

ಸಾವ್ಕಾರ್ರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಮೂರು ಏಟು ತಡೀತು" ಎಂದರು. "ಉಳಿದಿದ್ದು ಎರಡೂವರೆ ಸುತ್ತು." ಆಮೇಲೆ, ಯಾರಿಗೆ ಹೇಳಿದರೋ, "ನಾಲ್ಕನೇದಕ್ಕೆ ಹೋಯ್ತು" ಎಂದರು. ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸಿನ ಕಡೆ ನಡೆದರು.

ಮಾರನೆಯ ದಿನದಿಂದ ಕೆಲಸದಿಂದ ತೆಗೆಯುತ್ತಾರೆಂದು ಕಾದೆ. ಮಂಡಿಯಿಂದ ಯಾರಾದರೂ ಷೆಡ್ಡಿಗೆ ಬಂದರೆ ಯಾವುದಾದರೂ ಗಾಡಿಯಡಿ ನುಸುಳಿಬಿಡುತ್ತಿದ್ದೆ. ಒಂದು ತಿಂಗಳು ಹಾಗೇ ಕಳೆಯಿತು. ಪೇಟೆಯಲ್ಲಿ ಯಾರು ಕೇಳಿದರೂ ಸಾವ್ಕಾರ್ರೇ, "ಪೆಟ್ರೋಲಲ್ಲಿ ಕಸ ಕಟ್ಟಿತ್ತು" ಎಂದು ಹೇಳುತ್ತಿದ್ದರಂತೆ. ನಾನು ಹೇಳಿದ ಸುಳ್ಳನ್ನು ಅವರು ತಮ್ಮದು ಮಾಡಿಕೊಂಡಿದ್ದರು. ಆಮೇಲೊಂದು ದಿನ ನನ್ನನ್ನು ಕರೆದು, "ಭದ್ರಾವತಿ ಕಡೆ ಬಸ್ಸು ನಿಲ್ಲೋ ಜಾಗದಲ್ಲಿ ಒಬ್ಬ ಮೇಸ್ತ್ರಿ ಬೇಕು. ಅಲ್ಲಿಗೆ ಹೋಗು" ಎಂದರು. ಶಿಕ್ಷೆಯೋ ಬಡ್ತಿಯೋ ಕೇಳುವ ಧೈರ್ಯವಾಗಲಿಲ್ಲ. ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಅಕ್ಕನಿಗೆ ಏನೂ ಹೇಳಲಿಲ್ಲ. ನೀನು ನಮ್ಮೆದುರೇ ಬಂದು ನಿಂತುಬಿಟ್ಟೆಯಲ್ಲ ಎಂದು ಅವಳು ಮಾತ್ರ ನೆರೆಯವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ನಾಲ್ಕನೆಯ ವರ್ಷದ ರೇಸಿಗೆ ಸಾವ್ಕಾರ್ರು ಹೆಸರು ಕೊಡಲಿಲ್ಲ. ಕಾರಿಗೆ ಹೊಸ ಆರ್ಮು ಹಾಕಿಸಿ, ಬಾಗಿಲು, ಮಡ್‌ಗಾರ್ಡು ಮತ್ತೆ ಕೂಡಿಸಿ ಮನೆಗೆ ಇಟ್ಟುಕೊಂಡಿದ್ದರು. ನೋಡಲು ಮಾತ್ರ ಬಂದರು. ಜನರ ನಡುವೆ ನನ್ನನ್ನು ಕಂಡು ನನ್ನ ಪಕ್ಕದಲ್ಲೇ ಬಂದು ನಿಂತರು. ಗಾಡಿಗಳು ಹುತ್ತದ ಕಡೆ ನುಗ್ಗಿ ಬಂದಾಗ ನನ್ನ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದ ಹಾಗಾಯಿತು. ಸಾವ್ಕಾರ್ರ ಕೈ. ಗಾಡಿಗಳು ತಿರುವು ದಾಟಿದವು, ಕೈ ಸಡಿಲಾಯಿತು. ಮುಂದಿನ ಸುತ್ತಿಗೆ ಮತ್ತೆ ಹಿಡಿದರು.

"ಇಲ್ಲಿ ನಿಂತು ನೋಡಿದ್ರೆ ಜೀವ ಹೋಗುತ್ತಲ್ಲೋ ಮಾರಾಯ" ಎಂದರು. "ಒಳಗೆ ಕೂತಾಗ ಏನೂ ಅನ್ನಿಸ್ತಿರ್ಲಿಲ್ಲ ನಂಗೆ."

"ನಂಗೆ ಅನ್ನಿಸ್ತಿತ್ತು ಸಾವ್ಕಾರ್ರೇ" ಎಂದೆ.

ಅವರು ನನ್ನನ್ನು ನೋಡಿ ತಲೆಯಾಡಿಸಿದರು. ರೇಸು ಮುಗಿಯುವ ತನಕ ಇರಲಿಲ್ಲ, ನಡುವೆಯೇ ಹೊರಟುಹೋದರು.

ಅದೇ ಕೊನೆಯ ರೇಸು. ಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಆಯಿತು. ದೊರೆ ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೋದವರು ಮತ್ತೆ ಬರಲಿಲ್ಲ. ಫೋಟೋವನ್ನು ಉಸ್ತಾದರಿಗೆ ಕೊಟ್ಟುಹೋಗಿದ್ದರು, ಷೆಡ್ಡಿನ ಗೋಡೆಯ ಮೇಲೆ ಅದು ಬಹಳ ವರ್ಷ ಹೊಗೆ ಹಿಡಿದುಕೊಂಡು ಇತ್ತು. ಹಗ್ಗದ ಗೂಟಗಳನ್ನು ಜನ ಸೌದೆಗೆ ಕಿತ್ತುಕೊಂಡು ಹೋದರು. ಬಸ್ಸುಗಳ ಹಿಂದೆ ಇದ್ದಿಲು ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುವ ಕಾಲ ಬಂತು. ಬಸ್ಸು ಏರು ಬಂದರೆ ಜನರನ್ನು ಇಳಿಸಿ ತಳ್ಳಿಸಬೇಕಾಗುತ್ತಿತ್ತು. ಇದ್ದಿಲು ಬಸ್ಸು ಓಡಿಸಲು ಹೊಸ ಡ್ರೈವರುಗಳಿಗೆ ಕಲಿಸುವುದು ನನ್ನ ಪಾಲಿಗೆ ಬಂತು. ಕಲಿಸಲು ಅಗಲವಾದ ಜಾಗ ಬೇಕಲ್ಲ, ಗೋಮಾಳದ ಸುತ್ತು ಇನ್ನೂ ಪೂರ್ತಿ ಅಳಿದಿರಲಿಲ್ಲ. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ, ಅವರು ಎತ್ತಿನ ಗಾಡಿಯ ನಡಿಗೆಯಲ್ಲಿ ಬಸ್ಸು ಸುತ್ತಿಸುತ್ತಿದ್ದರು. ಒಮ್ಮೆ ಹುತ್ತದ ತಿರುವು ಹತ್ತಿರ ಬರುವಾಗ ತೆಲುಗು ಸೀಮೆಯಿಂದ ಬಂದಿದ್ದ ಒಬ್ಬ ಹೊಸಬ, "ಮೇಸ್ತ್ರಿ, ಇಲ್ಲಿ ರೇಸ್ ನಡೀತಿತ್ತಂತಲ್ಲ, ಎಷ್ಟು ಸ್ಪೀಡಲ್ಲಿ ಹೋಗ್ತಿದ್ರು?" ಎಂದು ಕೇಳಿ ನನ್ನ ಕಡೆ ತಿರುಗಿದ.

"ಮುಂದೆ ನೋಡ್ಕೊಂಡು ಓಡ್ಸಯ್ಯ" ಎಂದೆ.